ಟೆಂಟಿಗೆ ಚಿತ್ರ ಬಂದ ತಿಥಿ

ನಾನು ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದಾಗ ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಮಾವ ಕೂರುತ್ತಿದ್ದರು, ಇನ್ನೊಂದರಲ್ಲಿ ನನ್ನ ಗಂಡ. ಅತ್ತೆ ನಾನು ಬರುವ ಮುಂಚೆಯೇ ಹೋಗಿಬಿಟ್ಟಿದ್ದರು. ನಡುಮನೆಯ ಕಂಬದ ಪಕ್ಕ ರಾಟೆ ಇಟ್ಟುಕೊಂಡು ಇಬ್ಬರಿಗೂ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದವರು ನನ್ನ ಗಂಡನ ಅಕ್ಕ. ನಾನು ಅವರನ್ನು ಅತ್ತಿಗೆ ಎನ್ನುತ್ತಿದ್ದೆ.

ಅತ್ತಿಗೆಗೆ ಆಗ ಮೂವತ್ತೂ ತುಂಬಿರಲಿಲ್ಲ. ಹೊಸಕೋಟೆ ಕಡೆ, ಜಡಿಗೇನಹಳ್ಳಿಯ ಆಚೆಗಿನ ಒಂದು ಊರಿಗೆ ಅವರನ್ನು ಕೊಟ್ಟಿದ್ದರು. ಅಲ್ಲಿ ಪ್ಲೇಗು ಬಂದು, ಊರಿನವರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಗಂಡ ತೀರಿಕೊಂಡ. ಅವನ ಹಿಂದೆಯೇ ಕೈಗೂಸೂ ಹೋಯಿತು. ಮಗುವನ್ನು ತವರಿನವರು ಯಾರೂ ನೋಡಿಯೇ ಇರಲಿಲ್ಲ. ಪ್ಲೇಗಿನ ಭಯಕ್ಕೆ ಬಾಣಂತನಕ್ಕೂ ಕರೆಸಿಕೊಂಡಿರಲಿಲ್ಲ. ಇಷ್ಟನ್ನು ನನ್ನ ಗಂಡ ನನಗೆ ಒಂದೇ ಒಂದು ಸಲ, ತಗ್ಗಿದ ದನಿಯಲ್ಲಿ ಹೇಳಿದ್ದರು. ಆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅತ್ತಿಗೆ ಅತ್ತಿದ್ದನ್ನೂ ಯಾರೂ ಕಂಡಿರಲಿಲ್ಲ. ಮದುವೆ ಮುಂಜಿಗೆ ಅವರು ಬರುವಂತಿರಲಿಲ್ಲ, ಎದುರಿಗೆ ಬಂದರೆ ಜನ ಒಂದು ಗಳಿಗೆ ನಿಂತು ಹೊರಡುತ್ತಿದ್ದರು. ರಾಟೆ ಬಿಟ್ಟರೆ ಅಡಿಗೆಮನೆ, ಅಡಿಗೆಮನೆ ಬಿಟ್ಟರೆ ರಾಟೆ.

ನಾನು ಬಂದ ಮರುವರ್ಷ ಕಾರ್ತಿಕದಲ್ಲಿ ಊರಾಚೆಯ ಬಯಲಲ್ಲಿ ಸಿನಿಮಾ ಟೆಂಟು ಹಾಕಿದರು. ನಾಟಕದ ಕಂಪನಿಗಳ ಕಾಲದಿಂದಲೂ ಹೆಸರು ಮಾಡಿದ್ದ ಒಬ್ಬ ದೊಡ್ಡ ನಟ ಭಕ್ತನ ಪಾತ್ರ ಹಾಕಿದ್ದ ಚಿತ್ರ. ಎತ್ತಿನ ಗಾಡಿಗೆ ಅವರ ಚಿತ್ರಪಟ ಕಟ್ಟಿ, ತಮಟೆ ಹೊಡೆದುಕೊಂಡು ಬೀದಿಬೀದಿಗೆ ಕರಪತ್ರ ಎರಚಿದರು. ಮಾವನಿಗೆ ನಾಟಕ ಸಿನಿಮಾ ಅಂದರೆ ಆಗುತ್ತಿರಲಿಲ್ಲ. ಆದರೆ ಮೊದಲ ದಿನವೇ ಟೆಂಟಿನ ಬಾಗಿಲಲ್ಲಿ ಜನ ತೆಂಗಿನಕಾಯಿ ಒಡೆದು ಒಳಗೆ ಹೋಗುತ್ತಿದ್ದಾರೆಂಬ ಸುದ್ದಿ ಬಂದ ಮೇಲೆ ಅವರೂ ಕರಗಿದರು. ಆ ರಾತ್ರಿಯೇ ನಾವೆಲ್ಲ ಹೊರಟು ನಿಂತಾಗ ಅತ್ತಿಗೆ ಎಂದಿನಂತೆ ಕದ ಹಾಕಿಕೊಳ್ಳಲು ಬಂದರು.

"ದೇವರ ಕಥೆ ಅಂತೆ ಕಣಮ್ಮ. ನೀನೂ ಬಾ," ಎಂದರು ಮಾವ.

ಅತ್ತಿಗೆ ಸೆರಗು ಹೊದ್ದು ನಮ್ಮ ಹಿಂದೆ ನಡೆದರು.

ಟೆಂಟಿನ ಒಳಗೆ ಹೆಂಗಸರ ಕಡೆಗೆ ತಡಿಕೆ ಅಡ್ಡ ಇಟ್ಟಿದ್ದರು. ಮರಳ ಮೇಲೆ ಅತ್ತಿಗೆ, ಅವರ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ನಮ್ಮ ನೆರೆಮನೆಯ ರೇಷ್ಮೆ ವ್ಯಾಪಾರಿಯ ಹೆಂಡತಿ. ಆಕೆಯನ್ನು ಬೀದಿಯವರೆಲ್ಲ ಬೂಬಮ್ಮ ಎನ್ನುತ್ತಿದ್ದೆವು. ಚಿತ್ರದ ನಡುವೆ ಭಕ್ತನ ಮಗು ಜ್ವರ ಬಂದು ಸಾಯುತ್ತದೆ. ಅಲ್ಲಿಯವರೆಗೆ ಮಾತುಮಾತಿಗೂ ಹಾಡುತ್ತಿದ್ದ ಆ ನಟ ಆ ಜಾಗದಲ್ಲಿ ಹಾಡಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಮಗುವಿಗೆ ಹೊದಿಸಿದ. ಹೊರಗೆ ಉಳಿದಿದ್ದ ಪುಟ್ಟ ಪಾದಗಳನ್ನು ನೋಡಿ, ಚಳಿಯಾದೀತು ಎನ್ನುವವನ ಹಾಗೆ ವಸ್ತ್ರವನ್ನು ಕೆಳಗೆಳೆದು ಮುಚ್ಚಿದ.

ಅತ್ತಿಗೆಯ ಗಂಟಲಿಂದ ಒಂದು ಸದ್ದು ಬಂತು. ಅದನ್ನು ಅಳು ಎಂದು ನನಗೆ ತಕ್ಷಣ ತಿಳಿಯಲಿಲ್ಲ. ಹೆಂಗಸರೆಲ್ಲ ತಿರುಗಿ ನೋಡಿದರು. ಬೂಬಮ್ಮ ಯಾರನ್ನೂ ಲೆಕ್ಕಿಸದೆ ಅವರನ್ನು ಎದೆಗೆ ಒತ್ತಿಕೊಂಡು, "ಅಳು ಬೇಟಿ, ಅತ್ಬಿಡು," ಎಂದರು. ಚಿತ್ರ ಮುಗಿಯುವವರೆಗೂ ಅತ್ತಿಗೆ ಅತ್ತರು.

ಮಾರನೆಯ ಬೆಳಿಗ್ಗೆ ರಾಟೆ ತಿರುಗಿಸುತ್ತ, ತಲೆ ಎತ್ತದೆ, "ಅದರ ಕಾಲೂ ಯಾವಾಗ್ಲೂ ತಣ್ಣಗಿರ್ತಿತ್ತು ಕಣೇ," ಎಂದರು. ಮಗುವಿನ ಬಗ್ಗೆ ನಾನು ಅವರ ಬಾಯಿಂದ ಕೇಳಿದ ಮೊದಲ ಮಾತು ಅದು.

ಆ ಚಿತ್ರ ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು ಯಾವಾಗಲೋ. ನಮ್ಮ ಪಾಲಿಗೆ ಅದು ನಮ್ಮೂರ ಟೆಂಟಿಗೆ ಬಂದ ದಿನವೇ ಬಿಡುಗಡೆ. ಕಾರ್ತಿಕ ಬಹುಳ ತದಿಗೆ. ವರ್ಷ ತಿರುಗಿ ಆ ತಿಥಿ ಬಂದಾಗ ಅತ್ತಿಗೆ ತಲೆಗೆ ಸ್ನಾನ ಮಾಡಿ, ನಟನ ಮುಖವಿದ್ದ ಆ ಕರಪತ್ರವನ್ನು ಗೋಡೆಗೆ ಒರಗಿಸಿ, ಮುಂದೆ ಒಂದು ಹಣತೆ ಹಚ್ಚಿದರು. ಬೂಬಮ್ಮ ಹಿತ್ತಲ ಬಾಗಿಲಿಂದ ಬಂದರು. ರೇಷನ್ನಿನ ಸಕ್ಕರೆಯಲ್ಲಿ ಉಳಿಸಿದ್ದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ತಂದಿದ್ದರು. ಬೀದಿಯ ನಾಲ್ಕಾರು ಹೆಂಗಸರು ಸೇರಿ, ನೆನಪಿದ್ದಷ್ಟು ಹಾಡು ಹೇಳಿಕೊಂಡು ಪಾನಕ ಕುಡಿದೆವು. ಆಮೇಲೆ ಅದೇ ನಟನ ಇನ್ನೊಂದು ಚಿತ್ರ ವೈಶಾಖದಲ್ಲಿ ಬಂತು. ಆ ತಿಥಿಯನ್ನೂ ಹೀಗೆಯೇ ಆಚರಿಸತೊಡಗಿದೆವು. ಬಂದವರು ಹಾಡು ಮುಗಿದ ಮೇಲೆ ಏಳುತ್ತಿರಲಿಲ್ಲ. ಒಬ್ಬರಾದ ಮೇಲೊಬ್ಬರು ತಮ್ಮ ಮನೆಗಳಲ್ಲಿ ಹೋದ ಕೂಸುಗಳ ಮಾತು ತೆಗೆಯುತ್ತಿದ್ದರು. ಕೂಸು ಹೋಗದ ಮನೆಯೇ ಇರಲಿಲ್ಲ.

ಎರಡನೆಯ ಕಾರ್ತಿಕದಲ್ಲಿ ಮಾವ ಮಗ್ಗ ನಿಲ್ಲಿಸಿ ನಡುಮನೆಗೆ ಬಂದರು. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಎದ್ದು ನಿಂತೆವು.

"ಏನಮ್ಮಾ ಇದು? ತಿಥಿ ನೋಡೋದು ದೇವರಿಗೆ, ಇಲ್ಲ ಸತ್ತೋರಿಗೆ. ನಾಟಕದೋನಿಗೆ ಯಾವ ತಿಥಿ? ಊರೋರು ನಗ್ತಾವ್ರೆ."

ಅತ್ತಿಗೆ ಎಂದೂ ಅಪ್ಪನಿಗೆ ಎದುರಾಡಿದವರಲ್ಲ. ಆವತ್ತೂ ದನಿ ಏರಿಸಲಿಲ್ಲ.

"ನನ್ನ ಮಗೀಗೆ ತಿಥಿ ಇಲ್ಲ ಅಂದ್ರಲ್ಲಪ್ಪಾ. ಹಲ್ಲು ಬಂದಿರ್ಲಿಲ್ಲ, ನಾಮಕರಣ ಆಗಿರ್ಲಿಲ್ಲ, ಹೂತ್ಬಿಟ್ರೆ ಮುಗೀತು ಅಂದ್ರಿ. ನಂಗೆ ಅದು ಹೋದ ದಿನಾನೂ ನೆನಪಿಲ್ಲ. ನಂಗೂ ಜ್ವರ ಇತ್ತು. ನಾನು ಅದಕ್ಕೆ ಅತ್ತಿದ್ದು ಆ ಟೆಂಟಿನಲ್ಲಿ. ಅದಕ್ಕೇ ಆ ದಿನ ಇಟ್ಕೊಂಡಿದೀನಿ."

ಮಾವ ಹಣತೆಯನ್ನು ನೋಡುತ್ತ ನಿಂತರು. ಆಮೇಲೆ ಮಗ್ಗಕ್ಕೆ ಹಿಂದಿರುಗಿ ಕುಳಿತರು. ಆದರೆ ಆ ದಿನವೆಲ್ಲ ಅವರ ಲಾಳಿ ಓಡಲಿಲ್ಲ.

ಯುದ್ಧ ಮುಗಿದ ಮೇಲೆ ಆ ನಟನೇ ನಮ್ಮೂರಿಗೆ ಬಂದರು. ಯಾವುದೋ ಸಹಾಯಾರ್ಥ ನಾಟಕವಿತ್ತು. ಅವರನ್ನು ಛತ್ರದಲ್ಲಿ ಇಳಿಸಿದ್ದರು. ಬೀದಿಗೆ ಬೀದಿಯೇ ಅತ್ತ ಓಡಿತು. ನಾನು ಅತ್ತಿಗೆಯನ್ನು ಬಲವಂತ ಮಾಡಿದೆ. "ಬೇಡ ಕಣೇ. ಅವರನ್ನ ನೋಡಿ ಏನು ಅಂತ ಹೇಳ್ಲಿ?" ಎಂದು ಅವರು ರಾಟೆಯ ಮುಂದಿಂದ ಏಳಲಿಲ್ಲ.

ಮಾವ ಒಗೆದ ಪಂಚೆ ಉಟ್ಟು, ಪೇಟ ಸುತ್ತಿಕೊಂಡು ಹೊರಗೆ ಹೋದದ್ದನ್ನು ನಾವು ಗಮನಿಸಿರಲಿಲ್ಲ. ಊಟದ ಹೊತ್ತು ಮೀರಿದ ಮೇಲೆ ಬಂದರು. ಕಾಲು ತೊಳೆಯದೆ ಹಾಗೆಯೇ ನಡುಮನೆಯಲ್ಲಿ ಕುಸಿದು ಕುಳಿತರು. ಅವರು ಛತ್ರಕ್ಕೆ ಹೋಗಿ, ಜನ ಕರಗುವವರೆಗೆ ಕಾದಿದ್ದು, ಆ ನಟನಿಗೆ ಮಗಳ ಕಥೆಯನ್ನೆಲ್ಲ ಹೇಳಿದ್ದರು.

"ಪೂರ್ತಿ ಕೇಳಿದ್ರು. ಕೈ ಮುಗಿದ್ರು ಕಣಮ್ಮ, ನಂಗೆ. ಆಮೇಲೆ, ಮಗುವಿನ ಹೆಸರೇನು ಯಜಮಾನ್ರೇ ಅಂದ್ರು." ಮಾವ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಂಗೆ ಗೊತ್ತಿಲ್ಲ ಅಂದೆ. ತಾತ ಆಗಿ ಗೊತ್ತಿಲ್ಲ ಅಂದೆ. ಗಂಡೋ ಹೆಣ್ಣೋ ಅನ್ನೋದೂ ಸರಿಯಾಗಿ ಕೇಳಿರ್ಲಿಲ್ವಲ್ಲ ನಾನು. ನಾಮಕರಣ ಆಗ್ದೇ ಇದ್ರೂ ನೀನು ಏನಾದ್ರೂ ಕರೀತಿದ್ದಿರ್ಬೇಕಲ್ಲ ಮಗಾ. ಏನಂತ ಕರೀತಿದ್ದೆ?"

ರಾಟೆ ನಿಂತಿತು. ಅತ್ತಿಗೆ ನೂಲನ್ನು ಬೆರಳಿಂದ ಬಿಡಿಸಿಕೊಂಡು, ಅಪ್ಪನ ಕಡೆ ತಿರುಗಿ ಕುಳಿತು, ಹೆಸರು ಹೇಳಿದರು. ಹೆಣ್ಣುಮಗು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರಿಬ್ಬರದು. ಮಾವ ಅದನ್ನು ಒಂದು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಮೇಲುವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹೆಸರು ಹೇಳಿ ನೀರು ಬಿಡುವಾಗ ಮಾವ ಕೊನೆಗೆ ಆ ಹೆಸರನ್ನೂ ಸೇರಿಸಿದರು. ಪುರೋಹಿತರು ತಡೆದರು. ಕೂಸುಗಳಿಗೆ ಇದು ಸಲ್ಲುವುದಿಲ್ಲ, ಶಾಸ್ತ್ರದಲ್ಲಿಲ್ಲ ಎಂದರು.

"ಶಾಸ್ತ್ರದಲ್ಲಿಲ್ದೇ ಇರ್ಬೋದು ಸ್ವಾಮಿ. ನಮ್ಮನೇಲಿದ್ದಾಳೆ," ಎಂದು ಮಾವ ನೀರು ಬಿಟ್ಟರು.

ಇಷ್ಟಾದ ಮೇಲೆ ಅತ್ತಿಗೆ ಕಾರ್ತಿಕದ ದೀಪ ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಆದರೆ ಅಂದಿನಿಂದ ಆ ದಿನ ಮನೆಯ ಎರಡು ಮಗ್ಗಗಳೂ ಮಧ್ಯಾಹ್ನವೇ ನಿಲ್ಲುತ್ತಿದ್ದವು. ಗಂಡಸರೂ ಬಂದು ಜಗಲಿಯ ಮೇಲೆ ಸುಮ್ಮನೆ ಕೂರುತ್ತಿದ್ದರು. ಒಳಗೆ ಬೂಬಮ್ಮ ಅತ್ತಿಗೆಯ ತಲೆಗೆ ಎಣ್ಣೆ ಹಚ್ಚುತ್ತ, ಅರ್ಧ ಮರೆತ ಆ ಹಾಡನ್ನು ತಮ್ಮ ಉಚ್ಚಾರಣೆಯಲ್ಲಿ ಗುನುಗುತ್ತಿದ್ದರು. ತಪ್ಪಿದ ಕಡೆ ಅತ್ತಿಗೆ ತಿದ್ದುತ್ತಿದ್ದರು, ಕೆಲವು ಸಲ ನಗುತ್ತಲೂ ಇದ್ದರು.