ಜಾರುವ ಚೂರಿಗೆ ಅತ್ತೆ ಹೇಳಿದ ಅಂಟು

ಮೂರು ತಿಂಗಳು ನಾನು ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಬಗ್ಗಿಸುತ್ತ ಕೂತಿದ್ದೆ. ಪಿಎಚ್.ಡಿ.ಯ ಎರಡನೇ ವರ್ಷ. ಪಟ್ಟಿಯ ಮೇಲೆ ಮಾಲಿಬ್ಡಿನಮ್ ಡೈಸಲ್ಫೈಡಿನ ಒಂದು ಚೂರು, ಮೂರೇ ಪರಮಾಣುಗಳಷ್ಟು ದಪ್ಪ. ಪಟ್ಟಿ ಬಗ್ಗಿದರೆ ಚೂರು ಹಿಗ್ಗಬೇಕು. ಹಿಗ್ಗಿದರೆ ಅದರ ಎಲೆಕ್ಟ್ರಾನುಗಳು ದಾಟಬೇಕಾದ ಶಕ್ತಿಯ ಅಂತರ ಕಿರಿದಾಗಿ, ಲೇಸರ್ ಬಿಟ್ಟಾಗ ಅದು ಸೂಸುವ ಬೆಳಕು ಇನ್ನಷ್ಟು ಕೆಂಪಿನತ್ತ ಸರಿಯಬೇಕು. ನನ್ನ ಚೂರಿನ ಬೆಳಕು ಕದಲಲೇ ಇಲ್ಲ.

"ನಿನ್ನ ಚೂರು ಪುಸ್ತಕ ಓದಿಲ್ಲ ಅನ್ಸುತ್ತಮ್ಮ" ಎಂದರು ಗೈಡ್.

ಬೇಸತ್ತು ಒಂದು ಶನಿವಾರ ಶಿಡ್ಲಘಟ್ಟಕ್ಕೆ, ಅಪ್ಪನ ತಂಗಿಯ ಮನೆಗೆ ಹೋದೆ. ಅತ್ತೆ ರೇಷ್ಮೆ ನೂಲು ತೆಗೆಯುವವರು. ಬಿಸಿನೀರಲ್ಲಿ ತೇಲುವ ರೇಷ್ಮೆಗೂಡುಗಳಿಂದ ಎಳೆ ಹಿಡಿಯುತ್ತಲೇ ನನ್ನ ಮುಖ ನೋಡಿ, "ಯಾರಮ್ಮ ಬೈದಿದ್ದು?" ಎಂದರು.

ಬ್ಯಾಗಿನಿಂದ ಪ್ಲಾಸ್ಟಿಕ್ ಸ್ಕೇಲ್ ತೆಗೆದು, ಬಗ್ಗಿಸಿ, ಎಲ್ಲವನ್ನೂ ಹೇಳಿದೆ.

"ಮೇಲಿರೋದು ಹೆಂಗೆ ಅಂಟ್ಕೊಂಡೈತೆ?"

"ತಾನಾಗೇ ಕೂತಿರುತ್ತೆ ಅತ್ತೆ."

"ತಾನಾಗೇನಾ!" ಅತ್ತೆ ತಮ್ಮ ಹಣೆಯ ಸ್ಟಿಕರ್ ಕಿತ್ತು, ಸ್ಕೇಲಿಗೆ ಒತ್ತಿ, ಬಗ್ಗಿಸಿದರು. ನಾಲ್ಕು ದಿನದ ಹಳೆಯ ಸ್ಟಿಕರ್. ಅಂಚು ಎದ್ದಿತು, ಜಾರಿತು, ಗೂಡಿನ ನೀರಿಗೆ ಬಿತ್ತು. "ನೋಡ್ದಾ? ಪಟ್ಟಿ ಬಗ್ತೈತೆ, ನಿನ್ ಚೂರು ಜಾರ್ಕೊಂಡು ಆರಾಮಾಗೈತೆ. ಗೂಡಲ್ಲಿ ಅಂಟಿಲ್ದಿದ್ರೆ ಎಳೆಎಳೆ ಸೇರಿ ನೂಲಾಗ್ತಾವಾ? ಅಂಟು ಹಾಕಮ್ಮ!"

ಅತ್ತೆ ಟೀ ಸೋಸುವ ಜಾಲರಿಯಲ್ಲಿ ಸ್ಟಿಕರ್ ಹುಡುಕತೊಡಗಿದರು.

ಸೋಮವಾರ ಗೈಡ್ ಮುಂದೆ ನಿಂತು, ಚೂರಿನ ಮೇಲೆ ತೆಳುವಾಗಿ ಅಂಟಿನಂತೆ ಪಾಲಿಮರ್ ಹೊದಿಸಿ ಜಾರದಂತೆ ಹಿಡಿಸೋಣ ಎಂದೆ.

"ಒಳ್ಳೇ ಯೋಚನೆ. ಯಾವ ಪೇಪರಲ್ಲಿ ಓದ್ದೆ?"

ಸುಳ್ಳು ಹೇಳಲು ಹೊರಟೆ, ಹೆಸರು ಹೊಳೆಯಲಿಲ್ಲ. "ನಮ್ಮತ್ತೆ ಹೇಳಿದ್ದು ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು. "ಎಷ್ಟು ದಪ್ಪ ಹಾಕ್ಬೇಕಂತೆ?"

ತಮಾಷೆಯೋ ನಿಜವೋ ತಿಳಿಯದೆ ಅಲ್ಲೇ ಫೋನ್ ಮಾಡಿ, ಸ್ಪೀಕರಿಗೆ ಹಾಕಿದೆ. "ದೋಸೆಕಲ್ಲಿಗೆ ಎಣ್ಣೆ ಸವರ್ತೀವಲ್ಲ, ಅಷ್ಟು ಸಾಕು" ಎಂದಿತು ಅತ್ತೆಯ ದನಿ. ಗೈಡ್ ಗಂಭೀರವಾಗಿ ತಲೆಯಾಡಿಸಿ, ಅದನ್ನು ನ್ಯಾನೋಮೀಟರಿಗೆ ಬದಲಿಸುವ ಕೆಲಸ ನನಗೆ ಬಿಟ್ಟರು.

ಮೊದಲೆರಡು ಚೂರು ಹೊದಿಸುವಾಗಲೇ ಹಾಳಾದವು. ಮೂರನೆಯದನ್ನು ಬಗ್ಗಿಸಿದೆ. ಕಂಪ್ಯೂಟರ್ ತೆರೆಯ ಮೇಲೆ ಬೆಳಕಿನ ಗೆರೆಯ ಶಿಖರ ನಿಧಾನವಾಗಿ ಕೆಂಪಿನ ಕಡೆಗೆ ಸರಿಯಿತು. ಪಟ್ಟಿ ಬಿಟ್ಟೆ, ಹಿಂದಕ್ಕೆ ಬಂತು. ಮತ್ತೆ ಬಗ್ಗಿಸಿದೆ, ಮತ್ತೆ ಸರಿಯಿತು. ನಾನು ಕಿರುಚಿದ್ದಕ್ಕೆ ಪಕ್ಕದ ಲ್ಯಾಬಿನವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದರು.

"ಕೆಂಪಾಯ್ತು ಅತ್ತೆ!" ಎಂದು, ಬಗ್ಗಿಸುವ ಮುಂಚಿನದೊಂದು, ಬಗ್ಗಿಸಿದ ಮೇಲಿನದೊಂದು ಗೆರೆ ಇದ್ದ ಗ್ರಾಫ್ ಕಳಿಸಿದೆ. ತಕ್ಷಣ ಫೋನ್ ಬಂತು.

"ಇದ್ರಾಗೆ ಕೆಂಪೆಲ್ಲೈತಮ್ಮ? ಎರಡೂ ನೀಲಿ ಗೆರೆನೇ ಐತಲ್ಲ!"

ಆ ಸಂಜೆಯೇ ಒಂದು ಗೆರೆಯನ್ನು ಕೆಂಪು ಮಾಡಿ ಮತ್ತೆ ಕಳಿಸಿದೆ.