ಅಮೀನಬಿಯ ಫೋನು ತಾನೇ ಮಾತಾಡಿದ ದಿನ

ಬೆಟಗೇರಿಯ ಆ ಓಣಿಯಲ್ಲಿ ಗಾದಿ ಮಲಂಗಸಾಬನ ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರನ್ನು ಕೇಳಿದರೂ, "ಫೋನ್ ಕೆಡಸ್ತಾಳ್ರಿ" ಎನ್ನುತ್ತಿದ್ದರು. ಚಾಡಿಯಲ್ಲ, ಕುಹಕವಲ್ಲ. ಹಾಗೆ ಹೇಳಿಕೊಟ್ಟವಳೇ ಆ ಮಗಳು, ನಸ್ರೀನ. ಅಪ್ಪ ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿಯುವವನು. ಅದು ಕಣ್ಣಿಗೆ ಕಾಣುವ ಕೆಲಸ. ಮಗಳದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಟೈಪು ಮಾಡುವ ಕೆಲಸ. ಅದನ್ನು ಓಣಿಯವರಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ದೇವರು ಅವಳಿಗೆ ಕೊಟ್ಟಿರಲಿಲ್ಲ.

ಗದಗ ಬೇರೆ ಜಿಲ್ಲೆಯಾದ ವರ್ಷವೇ ಹುಟ್ಟಿದವಳು ಅವಳು. ಗದಗಿನಲ್ಲೇ ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯ ಸಣ್ಣ ಕಂಪನಿಯೊಂದಕ್ಕೆ ಮನೆಯಲ್ಲೇ ಕುಳಿತು ದುಡಿಯುತ್ತಿದ್ದಳು. ಅವರು ಮಾಡಿದ ಆ್ಯಪುಗಳು ಜನರ ಕೈಗೆ ಹೋಗುವ ಮೊದಲು ಇವಳ ಕೈಗೆ ಬರುತ್ತಿದ್ದವು. ಫೋನನ್ನು ಒಂದು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಕಟ್ಟಿ, ಇವಳು ಒಂದು ಸಾಲು ಹುಕುಂ ಬರೆದರೆ ಸಾಕು, ಯಾರೂ ಮುಟ್ಟದೆ ಫೋನು ಏಳುತ್ತಿತ್ತು, ಆ್ಯಪು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಇನ್ನೊಂದು ಹುಕುಂ ಬರೆದರೆ ಫೋನು ತನ್ನೊಳಗೆ ನಡೆದದ್ದನ್ನೆಲ್ಲ ಸಾಲುಸಾಲಾಗಿ ಗೊಣಗುತ್ತ ಹೋಗುತ್ತಿತ್ತು. ಹೊಂಬಳದ ಕಡೆ ಟ್ರ್ಯಾಕ್ಟರ್ ಬಾಡಿಗೆಗೆ ಕರೆಯುವ ಆ್ಯಪೊಂದು ಪದೇಪದೇ ಕುಸಿದು ಬೀಳುತ್ತಿದ್ದಾಗ, ಆ ಗೊಣಗಾಟ ಓದಿಯೇ ಇವಳು ರೋಗ ಹಿಡಿದಳು: ಬುಕ್ ಮಾಡುವ ನಡುವೆ ಯಾರಾದರೂ ಕರೆ ಮಾಡಿದರೆ ಅದು ಸಾಯುತ್ತಿತ್ತು. ಅವತ್ತು ಅವಳಿಗಾದ ಹಿಗ್ಗು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವ್ವ ಅಮೀನಬಿ ಎರಡು ರೊಟ್ಟಿ ಹೆಚ್ಚು ಬಡಿಸಿ ಸುಮ್ಮನಾದಳು.

ಅವಳ ಹತ್ತಿರ ಇನ್ನೊಂದು ಆಯುಧವಿತ್ತು. ಅದನ್ನು ಮಾಡಿದವರೇ ಅದಕ್ಕೆ 'ಮಂಕಿ' ಎಂದು ಹೆಸರಿಟ್ಟಿದ್ದಾರೆ. ಹುಕುಂ ಕೊಟ್ಟರೆ ಅದು ಫೋನಿನ ಮೈಮೇಲೆ ಎಲ್ಲೆಂದರಲ್ಲಿ ಒತ್ತುತ್ತದೆ, ಎಳೆಯುತ್ತದೆ, ಗೀಚುತ್ತದೆ. ಮಂಗನ ಕೈಯಲ್ಲಿ ಮಾಣಿಕ್ಯ ಕೊಟ್ಟು, ಮಾಣಿಕ್ಯ ಗಟ್ಟಿಯಿದೆಯೋ ಇಲ್ಲವೋ ನೋಡುವ ವಿದ್ಯೆ ಅದು. ಆ ಮಂಗ ಒಂದೇ ಆ್ಯಪಿನೊಳಗೆ ಆಡಲಿ ಎಂದು ಹುಕುಮ್ಮಿನಲ್ಲಿ ಆ ಆ್ಯಪಿನ ಹೆಸರು ಸೇರಿಸಿ ಬೇಲಿ ಹಾಕಬೇಕು. ನಸ್ರೀನ ಹಾಕುತ್ತಿರಲಿಲ್ಲ. ಕಂಪನಿ ಕೊಟ್ಟ ಪರೀಕ್ಷೆಯ ಫೋನಿನಲ್ಲಿ ಸಿಮ್ಮಿಲ್ಲ, ಫೋಟೊ ಇಲ್ಲ, ಏನೂ ಇಲ್ಲ. ಬರಿದಾದ ಹೊಲಕ್ಕೆ ಬೇಲಿ ಯಾಕೆ ಎಂಬುದು ಅವಳ ಲೆಕ್ಕ. ಅಪ್ಪ ಕೇಳಿದರೆ, "ಮಂಗ್ಯಾನ ಆಡಸಾಕತ್ತೇನಿ ಅಬ್ಬಾ" ಎಂದು ನಗುತ್ತಿದ್ದಳು.

ಲಾಕ್‌ಡೌನ್ ಮುಗಿದ ಮರುವರ್ಷ ಲಕ್ಷ್ಮೇಶ್ವರದಿಂದ ಸಂಬಂಧ ಬಂತು. ಹುಡುಗ ತಾರೀಖ, ಪಂಪ್‌ಸೆಟ್ಟಿನ ಮೋಟಾರು ರಿಪೇರಿಯ ಅಂಗಡಿ ಇಟ್ಟವನು. ಹಿಂದೆ ನೋಡಲು ಬಂದ ಗಂಡುಗಳು ಅಡುಗೆ ಬರುತ್ತದೆಯೇ ಎಂದು ಕೇಳಿ ಎದ್ದು ಹೋಗಿದ್ದರು. ಇವನು ಕೆಲಸದ ಬಗ್ಗೆ ಕೇಳಿದ. ಆ ಸಾಲುಗಳಲ್ಲಿ ಏನೇನು ಕಾಣುತ್ತದೆ, ಯಾವ ಫೋನಿಗಾದರೂ ಹೀಗೆ ಮಾಡಬಹುದೇ, ಯಾರು ಯಾರಿಗೆ ಕರೆ ಮಾಡಿದರೆಂದೂ ತಿಳಿಯುತ್ತದೆಯೇ ಎಂದೆಲ್ಲ ಮೆಲುದನಿಯಲ್ಲಿ ವಿಚಾರಿಸಿದ. ನಸ್ರೀನಳಿಗೆ ಸ್ವರ್ಗ ಮೂರೇ ಗೇಣು. ಜನ್ಮದಲ್ಲಿ ಮೊದಲ ಸಲ ಒಬ್ಬರು ಕೇಳುತ್ತಿದ್ದಾರೆ. ಚಹಾ ಆರಿಹೋಗುವವರೆಗೆ ಹೇಳಿದ್ದೇ ಹೇಳಿದ್ದು. ಅವರು ಹೋದ ಮೇಲೆ ಅವ್ವನಿಗೆ, ಇವನಾದರೆ ಹೂಂ ಎಂದಳು.

ಎರಡೂ ಮನೆ ಒಪ್ಪಿದವು, ನಿಶ್ಚಯವಾಯಿತು. ಅಂದಿನಿಂದ ಹುಡುಗನ ತಾಯಿ ಬೀಬಿಜಾನಳಿಗೂ ಅಮೀನಬಿಗೂ ದಿನಕ್ಕೊಂದು ಪುರಾಣ. ಸೀರೆ, ಬಿರ್ಯಾನಿ, ಯಾವ ನೆಂಟರು ಯಾವ ಬಸ್ಸಿಗೆ ಬರುತ್ತಾರೆ ಎಂದೆಲ್ಲ ಮಾತಾಡಿ ಅಮೀನಬಿಯ ಫೋನಿನ ಬ್ಯಾಟರಿ ಪ್ರಾಣ ಬಿಡುತ್ತಿತ್ತು.

ಒಂದು ಬೆಳಿಗ್ಗೆ ಹಾಗೆಯೇ ಪ್ರಾಣ ಬಿಡುವ ಹೊತ್ತಿಗೆ ಕರೆಂಟೂ ಹೋಗಿತ್ತು. ಅಮೀನಬಿ ನೋಡಿದಳು. ಮಗಳು ಒಳಗೆ ಮುಖ ತೊಳೆಯುತ್ತಿದ್ದಾಳೆ, ಲ್ಯಾಪ್‌ಟಾಪಿನಲ್ಲಿ ಇನ್ನೂ ಜೀವವಿದೆ, ಅದರ ಕೇಬಲ್ಲಿಗೆ ಆ ಸಿಮ್ಮಿಲ್ಲದ ದರಿದ್ರ ಫೋನು ಜೋತುಬಿದ್ದಿದೆ. ಅದನ್ನು ಕಿತ್ತು ಗಾದಿಯ ಕೆಳಗೆ ತಳ್ಳಿ, ತನ್ನದನ್ನು ಸಿಕ್ಕಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟು ರೊಟ್ಟಿ ಬಡಿಯಲು ಹೋದಳು. ಒಂದು ಕೇಬಲ್ಲಿನ ಮನೆಯಲ್ಲಿ ಇದೇನು ಮಹಾಪರಾಧವೇ? ಆದರೆ ಕೆಲವು ತಿಂಗಳ ಹಿಂದೆ ನಸ್ರೀನ ಆ ಟ್ರ್ಯಾಕ್ಟರ್ ಆ್ಯಪಿನ ಪರೀಕ್ಷೆಗೆ ಸಿಮ್ಮಿರುವ ಫೋನು ಬೇಕೆಂದು ಅವ್ವನದನ್ನು ಎರವಲು ಪಡೆದು, ಲ್ಯಾಪ್‌ಟಾಪಿನ ಹುಕುಂ ಕೇಳುವಂತೆ ಅದರ ಸೆಟ್ಟಿಂಗು ತೆರೆದಿದ್ದಳು. ಮತ್ತೆ ಮುಚ್ಚಿರಲಿಲ್ಲ. ಅವ್ವ ಫೋನಿಗೆ ಲಾಕೂ ಹಾಕುವವಳಲ್ಲ.

ನಸ್ರೀನ ಬಂದು ಕುಳಿತಳು. ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಹುಕುಂ ಬರೆದಳು, ಮಂಗನನ್ನು ಬಿಟ್ಟಳು, ಸಾಲುಗಳು ಓಡತೊಡಗಿದವು. ಆ ಸಾಲುಗಳಲ್ಲಿ ತನ್ನ ಆ್ಯಪಿನ ಹೆಸರೇ ಕಾಣಲಿಲ್ಲ. ಫೋಟೊಗಳ ಹೆಸರು ಬಂತು, ಕರೆ ಮಾಡುವ ಆ್ಯಪಿನ ಹೆಸರು ಬಂತು. ಸಿಮ್ಮೇ ಇಲ್ಲದ ಫೋನು ಯಾರಿಗೆ ಕರೆ ಮಾಡುತ್ತಿದೆ ಎಂದು ಹುಬ್ಬು ಗಂಟಿಕ್ಕಿ ಮಂಗನನ್ನು ನಿಲ್ಲಿಸುವಷ್ಟರಲ್ಲಿ ಕಿಟಕಿಯ ಕಟ್ಟೆಯಿಂದ ಒಂದು ಹೆಣ್ಣುದನಿ ಜೋರಾಗಿ ಕೇಳಿತು. ಸ್ಪೀಕರನ್ನೂ ಆ ಮಂಗ ಒತ್ತಿಬಿಟ್ಟಿತ್ತು.

ಬೀಬಿಜಾನಳ ದನಿ ಅದು. ಹಲೋ ಹಲೋ ಎಂದಳು, ಉತ್ತರ ಬಾರದಿದ್ದಾಗ ಬೀಗತಿಯ ಫೋನಿಗೆ ಹುಚ್ಚು ಹಿಡಿದಿದೆ ಎಂದು, ಕರೆ ಕತ್ತರಿಸದೆಯೇ ಪಕ್ಕದಲ್ಲಿದ್ದವರಿಗೆ ಹೇಳಿದಳು. ಕರೆ ಕತ್ತರಿಸಲು ನಸ್ರೀನ ಕೈ ಚಾಚಿದ್ದಳು. ಆಗ ಅತ್ತ ಇನ್ನೊಬ್ಬ ಹೆಂಗಸು, ಕಂಪ್ಯೂಟರಿನ ಸೊಸೆ ಅತ್ತೆಯ ಮಾತು ಕೇಳುತ್ತಾಳೆಯೇ ಎಂದು ಕೇಳಿದ್ದು ಕಿವಿಗೆ ಬಿತ್ತು. ಕದ್ದು ಕೇಳುವುದು ತಪ್ಪು, ಒಪ್ಪೋಣ. ತನ್ನ ಬಾಳಿನ ಮಾತೇ ತಾನಾಗಿ ಮನೆಗೆ ಬಂದರೆ ಕಿವಿ ಮುಚ್ಚಿಕೊಳ್ಳುವ ಸಾಧ್ವಿ ಯಾವ ಊರಲ್ಲಿದ್ದಾಳೆ?

"ಎಲ್ಲೀ ಕಂಪ್ಯೂಟರ್," ಎಂದಳು ಬೀಬಿಜಾನ. "ನಿಕಾಹ್ ಆದ ದಿನಾನ ಆ ಕೆಲಸ ಬಿಡಸ್ತೇನಿ ಅಂತ ಅವರಪ್ಪ ಮಾತು ಕೊಟ್ಟಾನ. ಹುಡುಗಿಗೆ ಈಗ ಹೇಳೂದು ಬ್ಯಾಡ ಅಂದಾನ."

ನಸ್ರೀನಳ ಕೈ ಚಾಚಿದಲ್ಲೇ ನಿಂತಿತು. ಮಾತು ಕೊಟ್ಟವನು ಅಪ್ಪ! ಕೊಟ್ಟ ಮಾತಿಗೆ ಬೆಟಗೇರಿಯಲ್ಲಿ ಹೆಸರಾದ ಮಲಂಗಸಾಬ, ತನ್ನ ಬೆನ್ನ ಹಿಂದೆ. ಅಲ್ಲಿ ಮಾತು ಮತ್ತೆ ಸೀರೆಗೆ ತಿರುಗಿತ್ತು. ಇವಳು ಕರೆ ಕತ್ತರಿಸಿ, ಫೋನು ಹಿಡಿದುಕೊಂಡು ಒಲೆಯ ಮುಂದೆ ಹೋಗಿ ನಿಂತಳು.

ಅಮೀನಬಿ ಸುಳ್ಳು ಹೇಳಲು ಬಾರದ ಹೆಂಗಸು. ತಲೆ ಎತ್ತದೆ ರೊಟ್ಟಿ ಬಡಿಯುತ್ತಲೇ ಇದ್ದಳು, ತವೆಯ ಮೇಲಿನ ರೊಟ್ಟಿ ಹೊತ್ತಿ ಕಪ್ಪಾಯಿತು. ಅಂಗಳದಲ್ಲಿ ಹತ್ತಿ ಹಿಂಜುತ್ತಿದ್ದ ಮಲಂಗಸಾಬ ವಾಸನೆಗೆ ಒಳಗೆ ಬಂದ. ಅವನ ಗಡ್ಡಕ್ಕೆಲ್ಲ ಹತ್ತಿಯ ಎಳೆ ಅಂಟಿತ್ತು. ಮಗಳು ಕೇಳಿದಳು. ಅವನು ಹಾರಿಕೆಯ ಮಾತಾಡಲಿಲ್ಲ.

"ಕೊಟ್ಟದ್ದು ಖರೆ," ಎಂದ. "ಮಂಗ್ಯಾನ ಆಡಸ್ತೇನಿ ಅಂತಿದ್ದಿ, ಫೋನ್ ಕೆಡಸ್ತೇನಿ ಅಂತಿದ್ದಿ. ಒಂದು ಆಟ ಬಿಟ್ಟರ ಮನಿ ಕಟ್ಟತೈತಿ ಅಂದ್ರ ಬಿಡಲಿ ಅಂದ್ನಿ. ಅದು ನಿನ್ನ ಜೀವಾ ಅಂತ ನೀ ಯಾವಾಗ ಹೇಳಿದಿ?"

ಖರೆಯೇ, ಯಾವತ್ತು ಹೇಳಿದ್ದಳು? ಹೇಳಿದ್ದು ಒಬ್ಬನಿಗೆ ಮಾತ್ರ. ಅವನಿಗೆ ಈ ಕರಾರು ಗೊತ್ತಿರಲಿಕ್ಕೆ ಸಾಧ್ಯವೇ ಇಲ್ಲ, ಇದು ಹಿರಿಯರ ಕಾರಭಾರ ಎಂದು ಅವಳ ಮನಸ್ಸು ಗಟ್ಟಿಯಾಗಿ ಹೇಳಿತು. ತಾರೀಖನಿಗೆ ತಾನಾಗಿ ಎಂದೂ ಕರೆ ಮಾಡಿದವಳಲ್ಲ. ಈಗ ಅಪ್ಪ ಅವ್ವನ ಎದುರಿಗೇ ಅವ್ವನ ಫೋನಿನಿಂದ ಮಾಡಿ, ಎಲ್ಲರಿಗೂ ಕೇಳುವಂತೆ ನಡುವೆ ಇಟ್ಟಳು. ಕೇಳಿದ್ದನ್ನೆಲ್ಲ ಹೇಳಿ, ಅವನ ಅವ್ವನಿಗೆ ಬುದ್ಧಿ ಹೇಳಬೇಕೆಂದು ಬೇಡಿಕೊಂಡಳು.

ಅತ್ತ ಮೋಟಾರೊಂದು ತಿರುಗುವ ಸದ್ದು. ಅದು ನಿಂತಿತು.

"ಅವ್ವಂದಲ್ರಿ," ಎಂದ ತಾರೀಖ, ಅದೇ ಮೆಲುದನಿಯಲ್ಲಿ. "ಆ ಕರಾರು ನಂದು. ಫೋನಿನ ಹೊಟ್ಟ್ಯಾಗಿಂದೆಲ್ಲಾ ಓದಾಕ ಬರತೈತಿ ಅಂದ್ರಿ ನೀವು. ಅಂಥಾಕಿ ಮನ್ಯಾಗ ಇದ್ರ ನಾ ಹೆಂಗ ಇರಲಿ? ಅಂಜಿಕಿ ಆತು."

ಆ ಚಹಾದ ದಿನ ಕೇಳಿದ ಒಂದೊಂದು ಪ್ರಶ್ನೆಯೂ ಭಯದ್ದು. ಅದನ್ನೇ ತಾನು ಪ್ರೀತಿಯೆಂದು ತಿಳಿದು, ತಿಂಗಳುಗಟ್ಟಲೆ ಮುದ್ದಿಸಿ ಇಟ್ಟುಕೊಂಡಿದ್ದಳು. ಫೋನಿನ ಒಡೆಯ ತಾನೇ ಒಪ್ಪದೆ ಯಾವ ಕೇಬಲ್ಲೂ ಏನನ್ನೂ ಓದಲಾರದೆಂದು ಹೇಳಬಹುದಿತ್ತು.

ಮಾತು ಬಂದದ್ದು ಮಲಂಗಸಾಬನಿಗೆ. ಫೋನಿನ ಹತ್ತಿರ ಬಗ್ಗಿ, ಗಿರಾಕಿಯೊಬ್ಬನ ಹಳೆಯ ಗಾದಿಯಲ್ಲಿ ಏನು ತುಂಬಿದೆಯೆಂದು ವಿಚಾರಿಸುವವನ ಹಾಗೆ ಕೇಳಿದ:

"ಹಂಗ ಅಂಜುವಂಥಾದ್ದು ಅದರಾಗ ಏನೈತಿ, ತಮ್ಮಾ?"

ಅತ್ತಲಿಂದ ಉತ್ತರ ಬರಲಿಲ್ಲ. ಮಲಂಗಸಾಬ ಅವಸರ ಮಾಡಲಿಲ್ಲ, ಕಾದ. ಬಹಳ ಹೊತ್ತು ಕಾದ. ಫೋನು ಚಾಲೂ ಇತ್ತು, ತಾರೀಖನ ಉಸಿರು ಮೂವರಿಗೂ ಕೇಳುತ್ತಿತ್ತು. ಕೊನೆಗೆ ತಾನೇ ಕರೆ ಕತ್ತರಿಸಿ, ಗೂಟದ ಮೇಲಿನ ಟೊಪ್ಪಿಗೆ ತೆಗೆದುಕೊಂಡ.

"ಮಾತು ಕೊಟ್ಟವ ನಾನು," ಎಂದ ಮಗಳಿಗೆ. "ಈಗಿನ ಬಸ್ಸಿಗೇ ಹೋಗಿ ವಾಪಸ್ ತಗೊಂಡು ಬರ್ತೇನಿ."

ಅವನು ಓಣಿ ದಾಟುವವರೆಗೆ ನಸ್ರೀನ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಅಳು ಒತ್ತರಿಸಿ ಬಂತು. ಸಂಬಂಧ ಹೋದರೆ ಹೋಗಲಿ, ಕೆಲಸ ಉಳಿಯಿತಲ್ಲ, ಇನ್ಯಾಕೆ ಅಳುತ್ತೀ ಎಂದು ಅಮೀನಬಿ ತಲೆ ನೇವರಿಸಿದಳು. ತಾರೀಖ ತನಗೆ ಬೇಕಾಗಿದ್ದ ಎಂದು ಅವ್ವನಿಗೆ ಹೇಳುವುದು ನಸ್ರೀನಳಿಂದ ಆಗಲಿಲ್ಲ.