ಎಮ್ಮೆಗೆ ಗೊತ್ತಿದ್ದ ದನಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನನ್ನನ್ನು ಹುಕ್ಕೇರಿಯಿಂದ ಮೂಡಲಗಿಗೆ ಪಶುವೈದ್ಯಾಧಿಕಾರಿಯಾಗಿ ವರ್ಗ ಮಾಡಿದರು. ಆ ವಯಸ್ಸಿನಲ್ಲಿ ವರ್ಗವಾದರೆ ಯಾರಿಗಾದರೂ ಸಿಟ್ಟು ಬರುತ್ತದೆ, ನನಗೆ ಅಂಜಿಕೆಯಾಯಿತು. ಇಪ್ಪತ್ತರ ಹರೆಯದಲ್ಲಿ ನಾನು ಅದೇ ಊರಿನ ಸಣ್ಣಾಟದ ಮೇಳದಲ್ಲಿ ಹೆಣ್ಣುಪಾತ್ರ ಹಾಕುತ್ತಿದ್ದೆ. ಪಶುವೈದ್ಯಕೀಯ ಕಾಲೇಜಿನ ಸೀಟು ಸಿಕ್ಕ ವಾರವೇ ಮೇಳದ ಮಾಸ್ತರರು, "ಇಲ್ಲೇ ಇರಪಾ, ಮ್ಯಾಳ ನಿನಗ ಒಪ್ಪಿಸ್ತೇನಿ" ಎಂದು ಕರೆದರು. ನಾನು ಬೀದರಿನ ಬಸ್ಸು ಹತ್ತಿದೆ. ಆಮೇಲೆ ಒಂದು ದಿನವೂ ಹಾಡಲಿಲ್ಲ, ಹತ್ತಿದ್ದಕ್ಕೆ ಮರುಗದ ದಿನವೂ ಇಲ್ಲ.

ಮೂಡಲಗಿಗೆ ಹೋದ ಹೊಸದರಲ್ಲೇ ಚಹಾದಂಗಡಿಯವನು, "ಮೊನ್ನೆ ಭಾಳ ಛಲೋ ಹಾಡಿದ್ರಿ ಸಾಹೇಬ್ರ" ಎಂದ. ಕಿವಿಗೆ ಹಾಕಿಕೊಳ್ಳಲಿಲ್ಲ. ಔಷಧದಂಗಡಿಯವನೂ ಅದನ್ನೇ ಹೇಳಿದಾಗ ಜಗಳವಾಡಿ ಬಂದೆ.

ಒಂದು ಮಧ್ಯಾಹ್ನ ಗೋಕಾಕ ರಸ್ತೆಯ ತೋಟದ ಮನೆಯಿಂದ ಕರೆ ಬಂತು. ಬಾಳವ್ವ ಎಂಬ ಒಂಟಿ ಮುದುಕಿ, ಅವಳ ಜೀವನಕ್ಕೆ ಆಧಾರವಾಗಿದ್ದ ಒಂದೇ ಎಮ್ಮೆ. ಎಮ್ಮೆಗೆ ಡಿಸ್ಟೋಕಿಯಾ ಆಗಿತ್ತು, ಅಂದರೆ ಕಷ್ಟದ ಹೆರಿಗೆ. ಕರುವಿನ ಕತ್ತು ಹಿಂದಕ್ಕೆ ಹೊರಳಿ ಸಿಕ್ಕಿಕೊಂಡಿತ್ತು. ಬಾಲದ ಬುಡಕ್ಕೆ ಇಂಜೆಕ್ಷನ್ ಕೊಟ್ಟು ಕೈ ಹಾಕಿದೆ. ಎಮ್ಮೆ ಕೊಸರಾಡುವುದನ್ನು ನಿಲ್ಲಿಸಲಿಲ್ಲ. ಹಾಗೆಯೇ ಬಿಟ್ಟರೆ ಗರ್ಭಕೋಶ ಹರಿದು ತಾಯಿ, ಕರು ಎರಡೂ ಹೋಗುತ್ತವೆ.

ಹಗ್ಗ ಹಿಡಿದಿದ್ದ ಬಾಳವ್ವ, "ನಿನ್ನಿ ಹಾಡಿದ್ರಲ್ರಿ, ಹಂಗ ಹಾಡ್ರಿ. ಸುಮ್ಕ ನಿಂದರ್ತೈತಿ" ಎಂದಳು.

"ಯವ್ವಾ, ನಾ ಇಲ್ಲಿ ಬಂದಿದ್ದ ಇವತ್ತ."

"ಚ್ಯಾಷ್ಟಿ ಮಾಡಬ್ಯಾಡ್ರಿ. ದಿನಾ ಸಂಜಿಮುಂದ ಬಣವಿ ಬಾಜೂಕ ನಿಂತು ಹಾಡ್ತೀರಿ" ಎಂದವಳು ಆ ಧಾಟಿಯನ್ನು ಗುನುಗಿದಳು. ಅದು ನಾನೇ ಕಟ್ಟಿದ್ದ ಧಾಟಿ. ಬಸ್ಸು ಹತ್ತುವ ಹಿಂದಿನ ದಿನ ಕಟ್ಟಿದ್ದು, ಯಾರ ಮುಂದೂ ಹಾಡದೆ ಉಳಿದದ್ದು.

ಎಮ್ಮೆ ಮತ್ತೆ ಒದೆಯಿತು. ನಾಚಿಕೆ ಬಿಟ್ಟು ಬಾಯಿ ತೆರೆದೆ. ಮೊದಲ ಸಾಲು ಒಡಕಲು ದನಿಯಲ್ಲಿ ಹೊರಟಿತು. ಎಮ್ಮೆ ಬೆಚ್ಚಿ, ತಿರುಗಿ ನನ್ನನ್ನು ನೋಡಿತು. ಎರಡನೆಯ ಸಾಲು ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ.

ಆಗ ಬಣವೆಯ ಕಡೆಯಿಂದ ಆ ಸಾಲು ಕೇಳಿಸಿತು. ದನಿ ನನ್ನದೇ, ಇಪ್ಪತ್ತರ ಹರೆಯದ್ದು, ಎಲ್ಲಿಯೂ ಮುಕ್ಕಾಗಿರಲಿಲ್ಲ. ಎಮ್ಮೆ ಕಿವಿ ಇಳಿಬಿಟ್ಟು ಸುಮ್ಮನೆ ನಿಂತಿತು. ಕೈ ತನ್ನ ಕೆಲಸ ಬಲ್ಲದು. ಕರುವಿನ ಮೂತಿ ಹಿಡಿದು ಕತ್ತು ನೇರ ಮಾಡಿ ಎಳೆದೆ. ಹೆಣ್ಣುಗರು, ಜೀವಂತವಾಗಿತ್ತು. ಓಡಿಹೋಗಿ ಬಣವೆಯನ್ನು ಸುತ್ತಿ ನೋಡಿದೆ, ಯಾರೂ ಇರಲಿಲ್ಲ.

ಕೈಗೆ ನೀರು ಹಾಕುತ್ತ ಬಾಳವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ತಪ್ಪ ತಿಳಕೋಬ್ಯಾಡ್ರಿ ಡಾಕ್ಟರ್ರ. ನಾ ನಿಮ್ಮನ್ನ ಆ ಹಾಡೋರು ಅನಕೊಂಡಿದ್ದೆ. ಅವರದು ನಗುಮಾರಿ ಐತ್ರಿ."

ಈ ವೃತ್ತಿ ನನಗೆ ಕಲಿಸಿದ್ದು ಒಂದೇ: ಕರೆ ಬಂದರೆ ಹೋಗಬೇಕು. ನಾವು ಹೋಗದಿದ್ದರೆ ಬೇರೆಯವರು ಹೋಗುತ್ತಾರೆ. ಮಾಸ್ತರರು ಕರೆದಾಗ ನಾನು ಹೋಗಲಿಲ್ಲ. ನನ್ನ ಬದಲು ನನ್ನದೇ ಮುಖದ, ನನ್ನದೇ ದನಿಯ ಒಬ್ಬ ಹೋದ. ಅವನು ಈಗಲೂ ನಗುತ್ತಲೇ ಇದ್ದಾನಂತೆ.